ಡೇರೆ ಗಡ್ಡೆ ಇರುವ ಅಂಗಳ

ಸಿದ್ದಾಪುರ,
ಮೇ ಕೊನೆಯ ವಾರ

ಕೆರಿಯಪ್ಪಣ್ಣನಿಗೆ ನಿಮ್ಮ ಬಾಡಿಗೆ ಮನೆಯ ರೋಹಿಣಿ ಮಾಡುವ ನಮಸ್ಕಾರ.

ಮಳೆಗೆ ಮೊದಲೇ ಈ ಅಂಗಳಕ್ಕೆ ಸಿಮೆಂಟು ಹಾಕಿಸುತ್ತೀರೆಂದು ಮೇಸ್ತ್ರಿ ಹೇಳಿದ. ಅಂಗಳ ನಿಮ್ಮದು, ಬೇಡವೆನ್ನಲು ನಾನು ಯಾರು? ಆದರೆ ಊರವರಿಗೆ ಕೈತೋಟ ಮಾಡಿಕೊಡುವ ನನಗೆ ಅಂಗಡಿಯೆಂದರೆ ಇದೇ. ಬಂದವರು ಇದನ್ನು ನೋಡಿಯೇ ಕೆಲಸ ಒಪ್ಪಿಸುತ್ತಾರೆ. ನಾನು ಬರೆದ ಪುಸ್ತಕಗಳಲ್ಲಿರುವ ಗಿಡಗಳೆಲ್ಲ ಮೊದಲು ಬದುಕಿದ್ದೂ ಸತ್ತಿದ್ದೂ ಇಲ್ಲಿಯೇ. "ಮಣ್ಣಿನ ಬಗ್ಗೆ ಬರೆಯೂಕೆ ಎಂತ ಇರ್ತದೆ ತಂಗೀ?" ಎಂದು ನಗುವವರು ನೀವು, ಪ್ರತಿ ಪುಸ್ತಕವನ್ನೂ ನೆಂಟರಿಗೆ ತೋರಿಸಿದವರೂ ನೀವೇ.

ಕಾರಿಗೆ ಜಾಗ ಬೇಕಾದರೆ ಬಾವಿಯ ಪಕ್ಕಕ್ಕೆ ಮಾತ್ರ ಸಿಮೆಂಟು ಹಾಕಿಸಿ. ಅಲ್ಲಿ ನಾನೇನೂ ನೆಟ್ಟಿಲ್ಲ.

ಇನ್ನೊಂದು ಮಾತು. ಹೋದ ವರ್ಷ ನಿಮ್ಮ ಮನೆಯಂಗಳಕ್ಕೆ ಸಿಮೆಂಟು ಬಿದ್ದಾಗ ಚೌಡಮ್ಮ ಅತ್ತಿಗೆ ತಮ್ಮ ಡೇರೆ ಹೂವಿನ ಗಡ್ಡೆಗಳನ್ನೆಲ್ಲ ಬುಟ್ಟಿಯಲ್ಲಿ ತಂದು ಇಲ್ಲಿ ನೆಟ್ಟರು. "ಅವ್ರು ಕೇಳಿದ್ರೆ ಹೇಳಿದ್ರಾಯ್ತು ಬಿಡೇ" ಅಂದರು. ನೀವು ಕೇಳಲೇ ಇಲ್ಲ. ಕಳೆದ ಮಳೆಗಾಲದಲ್ಲಿ ನಿಮ್ಮ ದೇವರ ಪಟಕ್ಕೆ ಏರಿದ ಕೆಂಪು ಡೇರೆ ಹೂಗಳು ಪೇಟೆಯವಲ್ಲ, ಈ ಅಂಗಳದವು.

ಗಡ್ಡೆಗಳು ಈಗ ಮತ್ತೆ ಚಿಗುರಿವೆ. ಮೇಸ್ತ್ರಿಯನ್ನು ಕಳಿಸುವ ಮುಂಚೆ ಅತ್ತಿಗೆಯನ್ನೊಮ್ಮೆ ಕೇಳಿ. ಅವರು ಹೂಂ ಅಂದರೆ ನನ್ನದೇನೂ ತಕರಾರಿಲ್ಲ.

ಇಂತಿ, ನಿಶ್ಚಿಂತೆಯಿಂದಿರುವ
ರೋಹಿಣಿ