ಎಡಗಡೆಯ ಲಿವರ್

೧೪ ಜೂನ್ ೨೦೦೬, ಬೆಳಿಗ್ಗೆ

ಚೆಂಡು ಹಿಚುಕುವ ಕೆಲಸ ಮುಗಿಯಿತು. ಎಡಗೈಯಲ್ಲಿ. ಹಿಚುಕಿದ್ದು ಅಂತ ಹೇಳುವುದಷ್ಟೇ, ಚೆಂಡಿಗೆ ಏನೂ ಆಗಿಲ್ಲ. ಫಿಸಿಯೊ ನೀತಾ ಮೇಡಂ ಶಾಬಾಸ್ ಅಂದರು, ಬಾಲವಾಡಿ ಹುಡುಗನಿಗೆ ಹೇಳಿದ ಹಾಗೆ. ಸಿಟ್ಟು ಬಂತು.

ಸಂಕ್ರಾಂತಿ ಮರುದಿನ ಎಡಗಡೆಗೆ ಹೊಡೆದದ್ದು ಪಾರ್ಶ್ವವಾಯು. ಕಾಲು ಹೆಚ್ಚುಕಡಿಮೆ ಬಂದಿದೆ. ಕೈ ಬಂದಿಲ್ಲ. ಊಟ, ಹಲ್ಲುಜ್ಜುವುದು ಎಲ್ಲಾ ಎಡಗೈಯಲ್ಲೇ ಮಾಡಿ, ಆಗಲೇ ಕೈಗೆ ಕಸುವು ಬರುತ್ತೆ ಅಂತ ನೀತಾ. ಅಂಬಾ ಒಳಗಿನಿಂದ — "ಎಡಗೈಲೆ ಉಣ್ಣೂದಾ? ನಾ ಅಂತೂ ಬಡಸಂಗಿಲ್ಲ, ನೋಡ್ರಿ." ಮೂವತ್ತು ವರ್ಷದ ಸಂಸಾರ. ಅವಳು ಎಡಗೈಲಿ ಒಂದು ಹೂವು ಕೊಟ್ಟದ್ದು ಕಂಡಿಲ್ಲ. ಬಲಗೈಲೇ ಉಂಡೆ.

ಮಳೆ ಶುರು. ಮಾಲಿ ಊರಿಗೆ ಹೋದವನು ಪತ್ತೆ ಇಲ್ಲ. ದೇಹೂ ರೋಡ್ ದಾಟಿ ಮನೆ, ಸುತ್ತ ಇಷ್ಟು ದೊಡ್ಡ ಜಾಗ, ಹುಲ್ಲು ಮೊಣಕಾಲಿಗೆ ಬಂದಿದೆ. ನವೆಂಬರ್ ಕೊನೆಗೆ ಮಗಳು ಸಾಯಲಿಯ ಮದುವೆ, ಇದೇ ಹುಲ್ಲಿನ ಮೇಲೆ.

೧೯ ಜೂನ್

ಸಾಯಲಿ ಕಾರಿನಲ್ಲಿ ಕರೆದುಕೊಂಡು ಹೋದಳು. ನಾನು ಪಕ್ಕದ ಸೀಟು. ಡಾಕ್ಟರು ನನಗೆ ಡ್ರೈವಿಂಗ್ ಬಂದ್ ಮಾಡಿದ್ದಾರೆ.

ಹೈವೇ ಮೇಲಿನ ಶೋರೂಮ್. ಹುಲ್ಲು ಕತ್ತರಿಸುವ ಮಷಿನ್‌ಗಳು. ನೂಕುವಂಥದ್ದು ನನ್ನ ಕೈಲಾಗದು. ಟ್ರ್ಯಾಕ್ಟರ್ ತರಹದ್ದು, ಸ್ಟೀರಿಂಗ್ ಇರುವಂಥದ್ದು, ಸಾಯಲಿಗೆ ಇಷ್ಟವಾಯಿತು. "ಅಪ್ಪಾ, ಇದು ತೊಗೋ. ಒಂದಽ ಕೈಯಾಗ ನಡಸಬಹುದು."

"ಅದಕ್ಕಽ ಬ್ಯಾಡ," ಅಂದೆ.

ಮೂಲೆಯಲ್ಲಿ ಇನ್ನೊಂದು. ಜೀರೋ ಟರ್ನ್. ಸ್ಟೀರಿಂಗ್ ಇಲ್ಲ, ಎರಡು ಲಿವರ್. ಎಡಗೈದು ಎಡಚಕ್ರಕ್ಕೆ, ಬಲಗೈದು ಬಲಚಕ್ರಕ್ಕೆ. ಎರಡನ್ನೂ ಸಮ ನೂಕಿದರೆ ನೆಟ್ಟಗೆ. ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಿದರೆ ನಿಂತಲ್ಲೇ ಬುಗುರಿ. ಸೇಲ್ಸ್‌ಮನ್ ನನ್ನ ಕೈ ನೋಡಿದ. ಸಾಹೇಬರಿಗೆ ಇದು ಬೇಡ ಅಂತ ಸಾಯಲಿಯ ಕಿವಿಯಲ್ಲಿ ಹೇಳಿದ. ಕಿವಿಗೆ ಪಾರ್ಶ್ವವಾಯು ಹೊಡೆದಿಲ್ಲ, ಕೇಳಿಸಿತು.

ಅದನ್ನೇ ತೆಗೆದುಕೊಂಡೆ. ಮನೆಗೆ ಬರುವತನಕ ಸಾಯಲಿ ಹಾರ್ನ್ ಹೊಡೆದದ್ದೇ ಹೊಡೆದದ್ದು.

೨ ಜುಲೈ, ಸಂಜೆ

ಮಷಿನ್ ಬಂತು. ಜೊತೆಗೆ ಮೆಕ್ಯಾನಿಕ್ ಕುಶಲ, ನಿಗಡಿಯವನು, ಮಾತು ಕಡಿಮೆ. ತೋರಿಸಿಕೊಟ್ಟ. ಲಿವರ್ ಹೊರಗೆ ತೆರೆದಿದ್ದರೆ ನಿಂತಿರುತ್ತದೆ. ಒಳಗೆ ತಂದು ನೂಕಬೇಕು. ಬ್ಲೇಡಿಗೆ ಬೇರೆ ಗುಂಡಿ. ಸೀಟಿನಿಂದ ಎದ್ದರೆ ಎಂಜಿನ್ ತಾನೇ ಬಂದ್. ಇಳಿಜಾರಿನಲ್ಲಿ ಬೇಡ, ಒದ್ದೆ ಹುಲ್ಲಿನ ಮೇಲೆ ಬೇಡ. ಕಲಿಯುವತನಕ ಬ್ಲೇಡ್ ಬೇಡ.

ಕೂತೆ. ಎರಡೂ ನೂಕಿದೆ. ಬಲಗೈ ಹೋಯಿತು, ಎಡಗೈ ಅರ್ಧಕ್ಕೆ ನಿಂತಿತು. ಮಷಿನ್ ಎಡಕ್ಕೆ ತಿರುಗಿತು. ತಿರುಗಿತು, ತಿರುಗಿತು, ಪೇರಲ ಗಿಡದ ಸುತ್ತ ಪ್ರದಕ್ಷಿಣೆ. ಅಂಬಾ ಕಟ್ಟೆಯ ಮೇಲಿಂದ — "ಗಾಣದ ಎತ್ತು ಆದ್ರಲ್ರೀ!"

ಮಷಿನ್ನೇ ಸರಿ ಇಲ್ಲ ಅಂದೆ.

"ಹೌದ್ರಿ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ."

ಸಾಯಲಿ ಬಿದ್ದುಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಸ್ನಾನ ಮಾಡುವಾಗ ಸ್ವಲ್ಪ ಬಂತು.

೧೬ ಜುಲೈ

ಭುಜಂಗಣ್ಣ ಬೆಳಗಾವಿಯಿಂದ ಬಂದ. ನನ್ನ ಅಣ್ಣ, ಕುಂದಾ ಡಬ್ಬಿ ಇಲ್ಲದೆ ಬರುವವನಲ್ಲ, ಉಪದೇಶ ಇಲ್ಲದೆಯೂ. ಚಹಾ ಮುಗಿಯುವ ಮೊದಲೇ ವಿಷಯ ತೆಗೆದ.

"ಕೃಷ್ಣಾ, ಧಾರೆ ನಾ ಎರೀತೀನಿ. ನಿನ್ನ ಬೊಗಸಿ ನಿಲ್ಲಂಗಿಲ್ಲ. ನೀರು ಸೋರಿದ್ರ ಬೀಗರ ಮುಂದ ಅಪಶಕುನ. ನಿನ್ನ ಒಳ್ಳೇದಕ್ಕಽ ಹೇಳಾಕತ್ತೀನಿ."

ಧಾರೆಯಲ್ಲಿ ತಾಯಿ ಝಾರಿಯಿಂದ ನೀರು ಬಿಡುತ್ತಾಳೆ, ತಂದೆಯ ಬೊಗಸೆಗೆ. ಅಲ್ಲಿಂದ ಮಗಳ, ಅಳಿಯನ ಕೈಗೆ. ಬೊಗಸೆಗೆ ಎರಡು ಕೈ ಬೇಕು. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಮೈಯೆಲ್ಲಾ ಉರಿಯಿತು. ಒಬ್ಬಳೇ ಮಗಳು. ಅವಳ ಕೈ ನಾನು ಕೊಡಬೇಕು, ಇನ್ಯಾರೋ ಅಲ್ಲ.

"ದಸರೆಗೆ ಬಾ," ಅಂದೆ. "ಆ ಮಷಿನ್ ಮ್ಯಾಲೆ ಕಟ್ಟಿಯಿಂದ ಕಂಪೌಂಡ್ ತನಕ ನೆಟ್ಟಗ ಒಂದು ಪಟ್ಟಿ ಹೊಡದು ತೋರಸ್ತೀನಿ. ಎರಡೂ ಕೈ ಸಮ ಇಲ್ಲಂದ್ರ ಅದು ನೆಟ್ಟಗ ಹೋಗಂಗಿಲ್ಲ. ಹೋಗಲಿಲ್ಲಂದ್ರ ನೀನಽ ಎರಿ."

"ಆತು," ಅಂದ. ಕುಂದಾ ತಾನೇ ಜಾಸ್ತಿ ತಿಂದು ಹೋದ.

೯ ಆಗಸ್ಟ್

ಮಳೆ ಬಿಟ್ಟ ದಿನ ಮಾತ್ರ ಹೊರಗೆ ತೆಗೆಯುತ್ತೇನೆ. ಎಡಕ್ಕೇ. ಇವತ್ತೂ ಎಡಕ್ಕೇ. ಬಲಗೈಯನ್ನು ಬೇಕೆಂದೇ ನಿಧಾನ ಮಾಡಿದರೆ ನಾಲ್ಕು ಮಾರು ನೆಟ್ಟಗೆ ಹೋಗುತ್ತದೆ, ಮರೆತ ಕೂಡಲೇ ಪೇರಲ ಗಿಡ. ಲಿವರಿಗೆ ಒಂದು ಗುದ್ದಿದೆ, ಬಲಗೈಲಿ. ಅಂಬಾ ಕಟ್ಟೆಯಿಂದ ನೋಡಿದಳು. ಗಾಣದ ಎತ್ತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

೨೭ ಆಗಸ್ಟ್, ಚೌತಿ

ಹಬ್ಬದ ದಿನವೇ ಕುಶಲ ಆಯಿಲ್ ಬದಲಿಸಲು ಬಂದ. ನಾನು ಪೂಜೆಗೆ ಕೂತಿದ್ದೆ. ಅಂಬಾ ಅವನ ಹತ್ತಿರ ಅಂಗಳದಲ್ಲಿ ನಿಂತು ಮರಾಠಿಯಲ್ಲಿ ಬಹಳ ಹೊತ್ತು ಏನೋ ಮಾತಾಡುತ್ತಿದ್ದಳು. ಕಡುಬು ಕಟ್ಟಿ ಕೊಟ್ಟಳು. ನನಗೆ ಸಕ್ಕರೆ ಜಾಸ್ತಿ ಅಂತ ಎರಡೇ.

೩೧ ಆಗಸ್ಟ್

ನೆಟ್ಟಗೆ! ಕಟ್ಟೆಯಿಂದ ಕಂಪೌಂಡ್ ತನಕ. ಎರಡೂ ಲಿವರ್ ಪೂರ್ತಿ ನೂಕಿದೆ, ಹೋಯಿತು. ನಂಬಿಕೆ ಬರಲಿಲ್ಲ. ಅಲ್ಲೇ ತಿರುಗಿಸಿ ವಾಪಸ್ ಬಂದೆ. ನೆಟ್ಟಗೆ. ಇಳಿದು ಚಕ್ರದ ಗುರುತು ನೋಡಿದೆ. ಅಡಿಪಟ್ಟಿ ಇಟ್ಟು ಎಳೆದ ಹಾಗೆ.

ಅಂಬಾನ ಕೂಗಿದೆ. ಬಂದಳು. ನೋಡಿದಳು. "ಛಲೋ ಆತಲ್ರೀ," ಅಂದು ಒಳಗೆ ಹೋದಳು. ಇಷ್ಟೇನಾ? ಹಾಲು ಉಕ್ಕುತ್ತಿತ್ತೇನೋ.

೧೮ ಸೆಪ್ಟೆಂಬರ್

ಬ್ಲೇಡ್ ಹಾಕಿಯೇ ನಡೆಸುತ್ತೇನೆ ಈಗ. ಹುಲ್ಲಿನ ಮೇಲೆ ಒಂದು ಪಟ್ಟೆ ತಿಳಿ, ಒಂದು ಪಟ್ಟೆ ಗಾಢ. ಇಳಕಲ್ ಸೀರೆ ಹಾಸಿದಂತಿದೆ ಅಂತ ಸಾಯಲಿ. ಚೆಂಡು ಮಾತ್ರ ಹಾಗೇ ಇದೆ, ಹಿಚುಕಿದರೆ ಹಿಚುಕಿದ ಹಾಗಿಲ್ಲ. ನೀತಾ ಮೇಡಂಗೆ ಪಟ್ಟೆ ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿ ಕೈಯನ್ನೇ ಇನ್ನೊಮ್ಮೆ ಪರೀಕ್ಷೆ ಮಾಡಿದರು.

೨ ಅಕ್ಟೋಬರ್, ದಸರೆ

ನಿನ್ನೆ ಖಂಡೇನವಮಿ, ಕಾರಿನ ಜೊತೆ ಮಷಿನ್ನಿಗೂ ಅರಿಷಿಣ ಕುಂಕುಮ, ಚೆಂಡುಹೂ. ಇವತ್ತು ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಗೆ ತೆಗೆದೆ. ಭುಜಂಗಣ್ಣ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತ, ನ್ಯಾಯಾಧೀಶನ ಹಾಗೆ. ಭಾವೀ ಅಳಿಯ ವಿಕ್ರಮನೂ ಬನ್ನಿ ಕೊಡಲು ಬಂದಿದ್ದ. ಕುರಕುಂಭದ ಕೆಮಿಕಲ್ ಫ್ಯಾಕ್ಟರಿಯಲ್ಲಿ ಕೆಲಸ, ಒಳ್ಳೆಯ ಹುಡುಗ, ಸುಮ್ಮನೆ ಕೂಡುವವನಲ್ಲ.

ಹೊಡೆದೆ. ಕಂಪೌಂಡ್ ತನಕ ನೆಟ್ಟಗೆ ಒಂದು ಪಟ್ಟೆ.

ಭುಜಂಗಣ್ಣ ಎದ್ದು ನಿಂತ. ಕಣ್ಣಲ್ಲಿ ನೀರು. "ಗೆದ್ದಿಲೇ, ಕೃಷ್ಣಾ! ಧಾರಿ ನಿಂದಽ." ಅಪ್ಪಿಕೊಂಡ. ನಾನೂ ಸ್ವಲ್ಪ ಅತ್ತೆ, ಬರೆಯಲು ನಾಚಿಕೆ ಏನು.

ಅಷ್ಟರಲ್ಲಿ ವಿಕ್ರಮ — ನಾನೂ ನೋಡಲಾ ಮಾವಾ — ಹತ್ತಿ ಕೂತ. ಬ್ಲೇಡ್ ಬಂದ್ ಮಾಡಿಸಿದೆ. ಎರಡೂ ಲಿವರ್ ಪೂರ್ತಿ ನೂಕಿದ. ಮಷಿನ್ ಬಲಕ್ಕೆ ಎಳೆದುಕೊಂಡು ಹೋಗಿ ದಾಸವಾಳದ ಬೇಲಿಯೊಳಗೆ ನುಗ್ಗಿತು. ಎಲ್ಲರೂ ನಕ್ಕರು.

"ಇದು ತಾನಽ ಬಲಕ್ಕ ಹೋಗ್ತದ್ರೀ ಮಾವಾ," ಅಂದ ವಿಕ್ರಮ.

"ಕುಣೀಲಾರದಾಂವ ನೆಲ ಡೊಂಕು ಅಂದ್ನಂತ!" — ಭುಜಂಗಣ್ಣ.

ಮತ್ತೆ ನಗು. ನಾನು ಅಂಬಾನ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಹೋಳಿಗೆ ಹೊತ್ತೀತು ಅಂತ ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

೩ ಅಕ್ಟೋಬರ್

ಎರಡೂ ಕೈ ಸರಿ ಇದ್ದ ವಿಕ್ರಮನಿಗೆ ಬಲಕ್ಕೆ ಎಳೆದದ್ದು ಯಾಕೆ ಅಂತ ಕುಶಲನನ್ನು ಕರೆಸಿದೆ. ಬಲಗಡೆಯ ಲಿವರಿನ ಬುಡದಲ್ಲಿ ಒಂದು ಬೋಲ್ಟ್. ಲಿವರ್ ಎಷ್ಟು ಮುಂದೆ ಹೋಗಬೇಕು ಅನ್ನುವುದಕ್ಕೆ ಅಡ್ಡ. ಅದನ್ನು ಬಿಗಿ ಮಾಡಿ ಬಲಚಕ್ರವನ್ನು ಎಡಗೈಯ ತಾಕತ್ತಿಗೆ ಇಳಿಸಿದ್ದ.

"ಕಾಕೂಂನೀ ಸಾಂಗಿತಲಂ," ಅಂದ. ಕಾಕು ಹೇಳಿದ್ದರು, ಅಂದರೆ ಅಂಬಾ. ಚೌತಿಯ ದಿನ.

ನನ್ನ ಜನ್ಮವೆಲ್ಲ ಪಿಂಪ್ರಿಯ ಡ್ರಾಯಿಂಗ್ ಆಫೀಸಿನಲ್ಲಿ ಮಷಿನ್ ನಕ್ಷೆ ಎಳೆಯುವುದರಲ್ಲಿ ಕಳೆಯಿತು. ಒಂದು ಬೋಲ್ಟ್ ಕಣ್ಣಿಗೆ ಬೀಳಲಿಲ್ಲ. ಬೀಳುವುದು ಬೇಡವಾಗಿತ್ತು, ಅಷ್ಟೇ.

೪ ಅಕ್ಟೋಬರ್

ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಹೌದ್ರಿ, ನಾನಽ ಹೇಳೀನಿ. ನಿಮ್ಮ ಕೈ ನೆಟ್ಟಗಾಗೂತನಕ ಮಷಿನ್ನರೆ ನೆಟ್ಟಗ ಹೋಗಲಿ ಅಂತ. ದಿನಾ ನಿಮ್ಮ ಮಾರಿ ನೋಡಾಕ ಆಗ್ತಿರಲಿಲ್ಲ ನನಗ."

"ಭುಜಂಗಣ್ಣನ ಮುಂದ ನನ್ನ ಮಂಗ್ಯಾ ಮಾಡಿದಿ."

"ಮಂಗ್ಯಾ ಆಗಲಿಲ್ಲಲ್ರೀ. ಗೆದ್ರಿ."

ಅದಕ್ಕೇ ಸಿಟ್ಟು. ಬಾಗಿಲು ಹಾಕಿಕೊಂಡೆ.

೧೭ ಅಕ್ಟೋಬರ್

ಇಷ್ಟು ದಿನ ಮಾತು ಕಡಿಮೆ. ಉಪ್ಪು, ಚಹಾ, ಫೋನ್ ಬಂದದ — ಇಷ್ಟೇ. ಬೋಲ್ಟ್ ಬಿಚ್ಚಿಸಿದೆ. ಕೂತು ಹೊಡೆದೆ. ಎಡಕ್ಕೆ ಎಳೆಯಿತು. ಜುಲೈನಷ್ಟಲ್ಲ. ಪೇರಲ ಗಿಡದ ಆಚೆ ಹಾದು ಹೋಯಿತು. ಆದರೆ ಎಡಕ್ಕೇ.

ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೂ ನಡೆಯುತ್ತದೆ. ಬೊಗಸೆ ಮಾತ್ರ ಸುಮ್ಮನಿರುವುದಿಲ್ಲ.

ಭುಜಂಗಣ್ಣನಿಗೆ ಫೋನ್ ಮಾಡಿ ಹೇಳಿದೆ. "ಅಣ್ಣಾ, ಆ ಪಟ್ಟಿ ನಂದಲ್ಲ. ಬೋಲ್ಟಿಂದು. ಧಾರಿ ನೀನಽ ಎರಿ." ಆಗಲಿ ಅಂದ. ಗೆದ್ದವನ ದನಿ ಇರಲಿಲ್ಲ ಅದು.

೧೯ ಅಕ್ಟೋಬರ್

ಸಾಯಲಿಗೆ ಗೊತ್ತಾಯಿತು. ದೊಡ್ಡಪ್ಪನಿಗೆ ತಾನೇ ಫೋನ್ ಮಾಡಿದಳು, ನಮ್ಮ ಮುಂದೆಯೇ. "ದೊಡ್ಡಪ್ಪಾ, ಸಿಟ್ಟಾಗಬ್ಯಾಡ. ಅಪ್ಪ ಎರೀಲಿಲ್ಲಂದ್ರ ನಾ ಹಸೆಮಣಿ ಮ್ಯಾಲೆ ಕೂಡಂಗಿಲ್ಲ. ಸೋರಿದ್ರ ಸೋರಲಿ." ಫೋನ್ ಇಟ್ಟು, ನನ್ನ ಕಡೆ ನೋಡದೆ ಸ್ಕೂಟಿ ತೆಗೆದುಕೊಂಡು ಹೋದಳು.

ನನ್ನದೇ ಹಟ. ಎಲ್ಲಿಂದ ಬಂತು ಅಂತ ಕೇಳುವ ಹಾಗಿಲ್ಲ.

೧೨ ನವೆಂಬರ್, ಬೆಳಿಗ್ಗೆ

ತುಳಸಿ ಕಟ್ಟೆಯ ಹತ್ತಿರ ಅಭ್ಯಾಸ. ಅಂಬಾ ಝಾರಿಯಿಂದ ನೀರು ಬಿಡುತ್ತಾಳೆ. ನಾನು ಬೊಗಸೆ ಹಿಡಿಯುತ್ತೇನೆ. ಎಡಗಡೆ ಕಿರುಬೆರಳ ಕೆಳಗೆ ಸಂದು. ನೀರೆಲ್ಲ ಕಾಲ ಮೇಲೆ. ತುಳಸಿಗೆ ಈ ತಿಂಗಳು ನೀರಿಗೆ ಬರವಿಲ್ಲ.

ಈಗ ಎಡಗೈಲೇ ಉಣ್ಣುತ್ತೇನೆ. ಕೇಳದೆ ಶುರು ಮಾಡಿದೆ. ಅಂಬಾ ತಟ್ಟೆ ಹಿಡಿದುಕೊಂಡು ಸ್ವಲ್ಪ ನಿಂತಳು. ಆಮೇಲೆ ಬಡಿಸಿದಳು, ಆ ಕಡೆ ಮುಖ ಮಾಡಿ.

೨೫ ನವೆಂಬರ್

ಪೆಂಡಾಲ್ ಎದ್ದಿದೆ. ಬೊಗಸೆ ಇವತ್ತೂ ಸೋರಿತು. ಹೆದರಿಕೆ ಆಗಿದೆ. ಸುಳ್ಳು ಯಾಕೆ.

೨೬ ನವೆಂಬರ್, ಸಂಜೆ

ಆಯಿತು.

ಬೀಗರು ಎದುರಿಗೆ. ಭುಜಂಗಣ್ಣ ನನ್ನ ಹಿಂದೆ, ಉಸಿರು ಬಿಗಿ ಹಿಡಿದು. ಸಾಯಲಿ ತಲೆ ಎತ್ತಿ ಒಂದು ಸಲ ನೋಡಿದಳು. ಬೊಗಸೆ ಮಾಡಿದೆ. ಎಡಗಡೆಯ ಸಂದು ಹಾಗೇ ಇತ್ತು. ಭಟ್ಟರು ಅಂಬಾನಿಗೆ ನೀರು ಬಿಡಲು ಹೇಳಿದರು.

ಝಾರಿ ಅವಳ ಬಲಗೈಯಲ್ಲಿತ್ತು. ಎಡಗೈ ತಂದು ನನ್ನ ಬೊಗಸೆಯ ಕೆಳಗೆ ಒತ್ತಿ ಹಿಡಿದಳು. ಸಂದಿಗೆ ಸರಿಯಾಗಿ. ಎಲ್ಲರ ಮುಂದೆ.

"ಅಮ್ಮಾ, ಎಡಗೈ..." ಅಂದರು ಭಟ್ಟರು, ಮೆಲ್ಲಗೆ.

"ಗೊತ್ತದರೀ. ನೀವು ಮಂತ್ರ ಹೇಳ್ರಿ."

ಹೇಳಿದರು. ನೀರು ಬಿತ್ತು. ನನ್ನ ಕೈಯಿಂದ ಸಾಯಲಿಯ ಕೈಗೆ, ವಿಕ್ರಮನ ಕೈಗೆ. ಅಂಬಾನ ಅಂಗೈ ಬಿಸಿ ಇತ್ತು. ಅವಳ ಮೇಲೆ ಇದ್ದ ಸಿಟ್ಟು ಎಲ್ಲಿ ಹೋಯಿತೋ.

ಊಟಕ್ಕೆ ಕೂತಾಗ ಭುಜಂಗಣ್ಣ ಕೇಳಿದ, ಆ ಬೋಲ್ಟ್ ಎಲ್ಲಿ ಸಿಗತದ, ನನಗೂ ಒಂದು ಬೇಕು ಅಂತ.

೨೮ ನವೆಂಬರ್, ಬೆಳಿಗ್ಗೆ

ಸಾಯಲಿ ಇಲ್ಲದ ಮನೆ. ಪೆಂಡಾಲಿನವರು ಕಂಬ ಕಿತ್ತುಕೊಂಡು ಹೋದರು. ಹುಲ್ಲು ತುಳಿದು ತುಳಿದು ಹಳದಿ. ಒಂದು ಪಟ್ಟೆ ಹೊಡೆದೆ, ಎಡಕ್ಕೆ ಒಂಚೂರು ವಾಲಿತು, ಇರಲಿ. ಈಗ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಅಂಬಾ ಸೆರಗು ಸಿಕ್ಕಿಸಿಕೊಂಡು ಮಷಿನ್ ಹತ್ತಿ ಕೂತಿದ್ದಾಳೆ. ತಾನೂ ಒಂದು ಸಲ ನಡೆಸಬೇಕಂತೆ. ಬ್ಲೇಡ್ ಬಂದ್ ಇದೆ, ನೋಡಿದೆ. ಬೋಲ್ಟೂ ಇಲ್ಲ. ಎರಡೂ ಕೈ ಸಮ ಇದ್ದವರಿಗೆ ನೆಟ್ಟಗೆ ಹೋಗಬೇಕು ಅಂತ ಹೇಳಿದೆ. ನಂದು ಸಮನಽ ಅದಾವು ಬಿಡ್ರಿ ಅಂದಳು.

ನೂಕಿದಳು. ಹೊರಟಿತು. ಮೊದಲು ನೆಟ್ಟಗೆ... ಅಲ್ಲ. ಅರೇ, ಇವಳದೂ ಎಡಕ್ಕೇ—