ಮೆತ್ತನೆಯ ಮಾಲೀಕರ ಮಾದರಿ

ಬೀದರ್, ಫೆಬ್ರುವರಿ ೩೦, ೨೨೧೪

ವಾಯುಪಡೆಯ ಸಮವಸ್ತ್ರ ಕಳಚಿಟ್ಟು ಕಂಪನಿಗಳ ಜೆಟ್ ಹಾರಿಸಲು ಹೊರಟಿರುವ ಹಿರಿಯರಿಗೆ,

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಗೆ ರಜೆಯಾಗಿ ಬರುತ್ತವೆ. ನನ್ನ ಕೆಲವು ಪದಗಳೂ ಈ ತಾರೀಖಿನಷ್ಟೇ ವಿಚಿತ್ರವಾಗಿ ಕಂಡಾವು. ಕ್ಷಮೆಯಿರಲಿ, ಬಂದ ಬಂದಲ್ಲಿ ವಿವರಿಸುತ್ತೇನೆ.

ನಿಮ್ಮ ಕಾಲದ ಕಾಗದಗಳನ್ನು ಕುತೂಹಲದಿಂದ ಓದುತ್ತಿದ್ದೇನೆ. ಯುದ್ಧವಿಮಾನದಲ್ಲಿ ಪಳಗಿದವರೂ ಕಂಪನಿಯ ಕೆಲಸ ಬೇಕೆಂದರೆ ಮತ್ತೆ ವಿದ್ಯಾರ್ಥಿಗಳಾಗಿ, ಆಯಾ ಬಗೆಯ ಜೆಟ್ಟಿಗೆ ಟೈಪ್ ರೇಟಿಂಗ್ ಎಂಬ ಬೇರೆ ಪರವಾನಗಿ ಪಡೆಯಬೇಕಿತ್ತಂತೆ. ನಮ್ಮಲ್ಲೂ ಅಂಥದೊಂದು ಇದೆ, ಮಾದರಿ ಅನುಮತಿ ಎನ್ನುತ್ತೇವೆ. ಆದರೆ ಅದು ವಿಮಾನದ ಮಾದರಿಗಲ್ಲ, ಮಾಲೀಕರ ಮಾದರಿಗೆ. ನಗಬೇಡಿ. ವಿಮಾನಗಳು ತಾವಾಗಿ ಹಾರುವುದನ್ನು ಕಲಿತು ಬಹಳ ಕಾಲವಾಯಿತು. ಕೊಂಡವರಿಗೆ ‘ಆಗದು’ ಎನ್ನುವುದನ್ನು ಮಾತ್ರ ಅವು ಕಲಿಯಲಿಲ್ಲ. ಕೊಂಡವರೇ ಅವುಗಳ ಸ್ವಭಾವವನ್ನು ತಮಗೆ ಬೇಕಾದಂತೆ ತಿದ್ದಿಸಿಕೊಳ್ಳುತ್ತಿದ್ದರು. ಹೀಗಾಗಿ ಪ್ರತಿ ಖಾಸಗಿ ವಿಮಾನದ ಮುಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಕೂರಲೇಬೇಕೆಂದು ಕಾನೂನು ಬಂತು. ಅವರೇ ತಡೆಗಾರರು. ಹಾರಿಸುವುದು ಅವರ ಕೆಲಸವಲ್ಲ, ಬೇಡವೆನ್ನುವುದು ಅವರ ಕೆಲಸ. ಕೂಗಾಡುವ ಮಾಲೀಕರು, ಅವಸರದವರು, ಅಳುವವರು, ಮೆತ್ತನೆಯವರು, ಹೀಗೆ ಒಂದೊಂದು ಮಾದರಿಗೂ ಬೇರೆ ಪರೀಕ್ಷೆ. ಬೀದರಿನ ಶಾಲೆಯಲ್ಲಿ ಮಾಲೀಕರ ಪಾತ್ರ ವಹಿಸಿ ಆ ಪರೀಕ್ಷೆ ನಡೆಸುವವಳು ನಾನು. ಅಳುವವರಿಗೊಂದು ಶಾಲು, ಅವಸರದವರಿಗೊಂದು ಕನ್ನಡಕ ಇಟ್ಟುಕೊಂಡಿದ್ದೇನೆ. ಮೆತ್ತನೆಯವರಿಗೆ ಏನೂ ಬೇಕಾಗುವುದಿಲ್ಲ. ಇಂದಿನ ವಿಮಾನಗಳಲ್ಲಿ ಸದ್ದೇ ಇಲ್ಲದ್ದರಿಂದ ಹಿಂದಿನ ಸೀಟಿನ ಒಂದು ನಿಟ್ಟುಸಿರು ಮುಂದಿನ ಸೀಟಿಗೆ ಚೆನ್ನಾಗಿ ಕೇಳಿಸುತ್ತದೆ.

ನಮ್ಮಲ್ಲಿಗೆ ಬರುವವರು ಹೆಚ್ಚಾಗಿ ಆಕಾಶಕಾವಲಿನವರು, ಎಂದರೆ ನಿಮ್ಮ ವಾಯುಪಡೆಯ ವಾರಸುದಾರರು. ಮಡಿವಾಳಪ್ಪ ಹೊನ್ನಿಕೇರಿ ಅವರಲ್ಲೊಬ್ಬರು. ಕೂಗಾಡುವ ಮಾದರಿಯನ್ನು ಮೊದಲ ದಿನವೇ ಗೆದ್ದರು. ನಾನು ಗಂಟಲು ಹರಿಯುವಂತೆ ಅರಚಿದರೂ, ತಮ್ಮ ಹಳೆಯ ಕಮಾಂಡರರ ಮುಂದೆ ಇದೇನೂ ಅಲ್ಲವೆಂಬಂತೆ ಸುಮ್ಮನೆ ಕೂತಿದ್ದರು. ಅವಸರದವರನ್ನೂ ಅಳುವವರನ್ನೂ ದಾಟಿದರು. ಸೋತದ್ದು ಮೆತ್ತನೆಯ ಮಾದರಿಯಲ್ಲಿ. ನಾನು, ನಿಮಗೆ ಸರಿ ಕಂಡಂತೆ ಮಾಡಿ ಎಂದು ಹೇಳಿ ಕಿಟಕಿಯತ್ತ ತಿರುಗಿದರೆ ಸಾಕು, ವಿಮಾನವನ್ನು ಬಿರುಗಾಳಿಗೆ ಬೇಕಾದರೂ ಬಿಟ್ಟುಬಿಡುತ್ತಿದ್ದರು. ಯಾಕೆಂದು ಕೇಳಿದೆ. “ದೊಡ್ಡೋರು ಬಾಯಿ ಬಿಟ್ಟು ಹೇಳೋದ್ರೊಳಗ ಅವರ ಮನಸ್ಸು ತಿಳಕೊಂಡು ಮಾಡೋದೇ ನಮ್ಮಲ್ಲಿ ಮರ್ಯಾದಿ ರೀ, ಮೇಡಂ” ಎಂದರು. ಅವರಿಗೆ ಬಡ್ತಿ ತಂದುಕೊಟ್ಟ ಗುಣವೇ ಇಲ್ಲಿ ಅವರನ್ನು ಕೆಡವುತ್ತಿತ್ತು. ಜೊತೆಗೆ ಕಲಿಯುತ್ತಿದ್ದ ಜುಬೇದಾ, “ಮಡಿವಾಳಣ್ಣ, ನಿಮಗ ಮಲಗಿದ ಮಾಲೀಕರ ಮಾದರಿ ಒಂದೇ ಸಿಗ್ತದ ನೋಡ್ರಿ” ಎಂದು ಛೇಡಿಸುತ್ತಿದ್ದಳು. ಅವರೂ ನಗುತ್ತಿದ್ದರು. ಆದರೆ ಮೂರನೆಯ ಸಲವೂ ಸೋತವರಿಗೆ ತಡೆಗಾರರಾಗುವ ಅವಕಾಶವಿಲ್ಲ, ಅವರು ಎರಡು ಸಲ ಸೋತಾಗಿತ್ತು. ಬಿಟ್ಟು ಬಂದ ಕಾವಲಿಗೆ ಮರಳುವಂತೆಯೂ ಇರಲಿಲ್ಲ.

ಕಳೆದ ವಾರ ನನ್ನ ಮಗಳು ಇಂಚರ ಕಾರವಾರದಿಂದ ತೇಲೂರಿಗೆ ಹೊರಟಳು. ತೇಲೂರೆಂದರೆ ನಡುಗಡಲಿನಲ್ಲಿ ತೇಲುವ ಊರು; ಹೋದವರು ಮೂರು ವರ್ಷ ಮರಳುವುದಿಲ್ಲ. ಅಲ್ಲಿಂದ ಮಾತಾಡಬಹುದು, ಮುಖ ನೋಡಬಹುದು. ಕೈ ಹಿಡಿಯಲಾಗದು. ಅವಳ ಹಡಗು ಹೊರಡುವ ಮುನ್ನ ತಲುಪಬೇಕೆಂದು ಶಾಲೆಯ ಪುಟ್ಟ ವಿಮಾನ ಹತ್ತಿದೆ. ಆ ದಿನ ಮುಂದಿನ ಸೀಟಿನ ಸರದಿ ಮಡಿವಾಳಪ್ಪನವರದು. ಕಾರವಾರದ ಮೇಲೆ ಮಂಜು ಬಂದು ಬಂದು ಹೋಗುತ್ತಿತ್ತು. ಇಳಿಯಬಹುದು, ಖಾತ್ರಿಯಿಲ್ಲ ಎಂದು ಯಂತ್ರ ತೀರ್ಮಾನವನ್ನು ತಡೆಗಾರರಿಗೆ ಬಿಟ್ಟಿತು. ನಾನು ಏನೂ ಕೇಳಲಿಲ್ಲ. ಕೇಳಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಕಾಲಬಳಿಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಇಳಿಯಲು ಸಿದ್ಧವಾಗುವವರು ಹಾಗೆ ಮಾಡುತ್ತಾರೆ. ಅವರು ಕನ್ನಡಿಯಲ್ಲಿ ಅದನ್ನು ನೋಡಿದರು. ತಿರುಗದೆಯೇ ಹೇಳಿದರು: “ನೀವ್ ಏನೂ ಅಂದಿಲ್ಲ, ಮೇಡಂ. ಅದಕ್ಕೇ ನಾನೇ ಹೇಳ್ಲಕತ್ತೀನಿ. ಇಲ್ಲಿ ಇಳಿಯಂಗಿಲ್ಲ.”

ವಿಮಾನ ಹುಬ್ಬಳ್ಳಿಯತ್ತ ಹೊರಳಿತು. ನಮ್ಮ ಹಿಂದೆ ಬಂದ ವಿಮಾನವೊಂದು ಕಾರವಾರದಲ್ಲೇ ಸುಖವಾಗಿ ಇಳಿಯಿತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹಡಗು ಹೊರಟುಹೋಗಿತ್ತು.

ಹುಬ್ಬಳ್ಳಿಯಲ್ಲಿ ಚಹಾ ಕುಡಿಯುತ್ತ ಅವರು, ಇದು ಪರೀಕ್ಷೆಯಾಗಿತ್ತೇ ಎಂದು ಕೇಳಿದರು. ನಿಜವಾದ ಹಾರಾಟವನ್ನೂ ಪರೀಕ್ಷೆಯೆಂದು ಪರಿಗಣಿಸುವ ಅಧಿಕಾರ ನನಗಿದೆ. ನನ್ನೊಳಗೆ ಸಿಟ್ಟಿತ್ತು, ಮತ್ತು ಆ ಸಿಟ್ಟನ್ನು ಪಕ್ಕದಲ್ಲಿ ನಿಂತು ನೋಡುವ ಕುತೂಹಲವೂ ಇತ್ತು. ನಾನು ಪಾತ್ರ ವಹಿಸುತ್ತಿದ್ದೇನೆಂದು ತಿಳಿದು ಅವರು ಬೇಡವೆಂದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಪರೀಕ್ಷಕಿಗೆ ಯಾರು ಬೇಕಾದರೂ ಬೇಡವೆನ್ನಬಹುದು. ನೀವೇನೆಂದುಕೊಂಡಿರಿ ಎಂದು ತಿರುಗಿ ಕೇಳಿದೆ. ಅವರು ಲೋಟ ಕೆಳಗಿಟ್ಟರು.

“ಇಂಚರ ಹೊಂಟಾಳಂತ ಗೊತ್ತಿತ್ರಿ. ಪರೀಕ್ಷಾ ಅಂತ ಅನಿಸಿದ್ರ ಬ್ಯಾಡ ಅನ್ನೋದು ಇಷ್ಟು ಕಷ್ಟ ಆಗ್ತಿದ್ದಿಲ್ಲ.”

ಅಲ್ಲಿಯೇ, ಅದೇ ಮೇಜಿನ ಮೇಲೆ ಅವರಿಗೆ ಮೆತ್ತನೆಯ ಮಾದರಿಯ ಅನುಮತಿ ಕೊಟ್ಟೆ. ಅವರ ನಿರ್ಧಾರ ಸರಿಯಿತ್ತೇ ಎಂದು ನನಗೆ ಈಗಲೂ ಗೊತ್ತಿಲ್ಲ. ಇಳಿದಿದ್ದರೆ ಏನಾಗುತ್ತಿತ್ತು ಎಂಬುದು ಇಳಿಯದವರಿಗೆ ಎಂದೂ ತಿಳಿಯುವುದಿಲ್ಲ. ಬೇಡವೆನ್ನುವವರು ತಮ್ಮ ಪರವಾಗಿ ತೋರಿಸಲು ಸಾಕ್ಷಿಯಿಲ್ಲದೆ ಬದುಕಬೇಕು, ಬೇಡವೆನ್ನಿಸಿಕೊಂಡವರೂ ಕೂಡ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಜೆಟ್ಟುಗಳ ಒಂದೊಂದು ಗುಂಡಿಯ ವಿವರವೂ ನಮ್ಮ ಕಾಲದವರೆಗೆ ಬಂದು ತಲುಪಿದೆ. ಆದರೆ ಆಜ್ಞೆ ಪಾಲಿಸಿ ಬೆಳೆದ ನೀವು, ಸಂಬಳ ಕೊಡುವವರು ಹಿಂದಿನಿಂದ ‘ಆದರೆ ನೋಡಿ’ ಎಂದು ಮೆಲ್ಲಗೆ ಅಂದ ಮೊದಲ ದಿನ ಏನೆಂದಿರಿ, ಆಮೇಲೆ ಊಟ ಸೇರಿತೇ, ಇದರ ಬಗ್ಗೆ ಒಂದು ಸಾಲೂ ಇಲ್ಲ. ದಯವಿಟ್ಟು ಬರೆದಿಡಿ. ಬೇಡವೆನ್ನಲಾಗದೆ ಇಳಿದಿರಿ ಎಂದಾದರೆ ಅದನ್ನೂ ಬರೆಯಿರಿ. ನಾಳೆ ಹೊಸ ತಂಡ ಬರುತ್ತದೆ, ಅವರಿಗೆ ಓದಿ ಹೇಳಲು ನನ್ನ ಹತ್ತಿರ ಸದ್ಯಕ್ಕೆ ಮಡಿವಾಳಪ್ಪನವರೊಬ್ಬರ ಮಾತು ಮಾತ್ರ ಇದೆ.

ನಿಮಗೆ ತಿಳಿಯಾದ ಆಕಾಶ ಸಿಗಲಿ.

ಸುಗುಣಾ ಚಿಟಗುಪ್ಪಿ