ಅಮ್ಮ ಹುಟ್ಟಿದ ದ್ವೀಪ

ಫೆಬ್ರವರಿ 11, ಭಾನುವಾರ

ಅಮ್ಮ ದೋಣಿಯಿಂದ ಬಂಡೆಗೆ ಹಾರಿದ್ದನ್ನು ಅಣ್ಣನಿಗೆ ಹೇಳಬೇಕೋ ಬೇಡವೋ ಎಂಬುದೇ ಸಂಜೆಯಿಂದ ತಲೆ ಕೊರೆಯುತ್ತಿದೆ. ಎಪ್ಪತ್ತು ದಾಟಿದವಳನ್ನು ಹಾರಿಸಿದೆಯಾ ಎಂದು ನನ್ನ ಮೇಲೆ ಹರಿಹಾಯುತ್ತಾನೆ.

ಅಲೆ ಜೋರಿತ್ತು. "ಇವತ್ತು ಇಳಿಯೋಕಾಗಲ್ಲ, ಒಂದು ಸುತ್ತು ಹಾಕಿ ವಾಪಸ್ ಹೋಗೋಣ" ಎಂದ ದೋಣಿಯವನು.

"ನಾನು ಹುಟ್ಟಿದ ಮನೆಗೆ ಹೋಗ್ಬೇಡ ಅನ್ನೋಕೆ ನೀನ್ಯಾರಪ್ಪ?" ಎಂದವಳೇ ಅಮ್ಮ ಚಪ್ಪಲಿ ಕಳಚಿ ನನ್ನ ಕೈಗಿತ್ತು ಹಾರಿಬಿಟ್ಟಳು. ಹಿಂದೆಯೇ ನಾನೂ.

ಅಜ್ಜ ಆ ದ್ವೀಪದಲ್ಲಿ ದೀಪಸ್ತಂಭ ಕಾಯುತ್ತಿದ್ದರು. ಈಗ ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅವರ ಮನೆಗೆ ಸೂರಿಲ್ಲ. ಜ್ವಾಲಾಮುಖಿಯ ಕರಿಕಲ್ಲಿನಲ್ಲಿ ಕಟ್ಟಿದ ಎದೆಮಟ್ಟದ ಗೋಡೆಗಳಷ್ಟೇ ಉಳಿದಿವೆ. ಅಮ್ಮ ಅತ್ತುಬಿಡುತ್ತಾಳೆಂದು ಹೆದರಿದ್ದೆ. ಅವಳು ಅಡುಗೆಮನೆಯಿದ್ದಲ್ಲಿ ನಿಂತು ಕೈ ಚಾಚಿದಳು. ಎರಡೂ ಕಡೆಯ ಗೋಡೆ ಕೈಗೆ ಸಿಕ್ಕವು.

"ಇಷ್ಟೇನಾ? ಇಷ್ಟರಲ್ಲೇ ಆರು ಜನ ಉಂಡು, ಜಗಳಾಡಿ, ಮಲಗ್ತಿದ್ವಲ್ಲೇ" ಎಂದು ನಕ್ಕೇ ನಕ್ಕಳು.

ಆಮೇಲೆ ಬಿಸಿಲಿಗೆ ಬೆಚ್ಚಗಾಗಿದ್ದ ಕಲ್ಲಿನ ಮೇಲೆ ನನ್ನ ಚೀಲವನ್ನು ತಲೆಗಿಟ್ಟುಕೊಂಡು ಮಲಗಿದವಳಿಗೆ ನಿದ್ದೆಯೇ ಹತ್ತಿತು. ಅಪ್ಪ ಹೋದಮೇಲೆ ಮಾತ್ರೆಯಿಲ್ಲದೆ ಕಣ್ಣು ಮುಚ್ಚದವಳು. ದೋಣಿಯವನು ಕೂಗಿದ. ತಡಿ ಎಂದು ಸನ್ನೆ ಮಾಡಿ, ಅವಳ ಮುಖಕ್ಕೆ ನೆರಳಾಗಿ ಕೂತೆ. ಸುತ್ತ ಸಮುದ್ರ ಬಂಡೆಗೆ ಬಡಿಯುತ್ತಿತ್ತು, ಅಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ನನಗೆ ಇಷ್ಟು ನೆಮ್ಮದಿ ಕೊನೆಯ ಸಲ ಸಿಕ್ಕಿದ್ದು ಯಾವಾಗಲೋ, ಯೋಚಿಸಿ ಬರೆಯೋಣವೆಂದರೆ ಕಣ್ಣು ಎಳೆಯುತ್ತಿದೆ